ಮೊದಲ ಹನಿಗೆ ನನ್ನ ಹೆಸರು

ಸಿಟ್ಟು ಬಂದಾಗ ದೇವರ ಮುಂದೆ ಹೋಗಿ ಕುಳಿತರೆ ತಾನೇ ಇಳಿಯುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ನಾನು ನಾಲ್ಕು ತಿಂಗಳು ಕುಳಿತು ನೋಡಿದೆ. ಸಿಟ್ಟು ಇಳಿಯಲಿಲ್ಲ, ಮೊಣಕಾಲು ಹಿಡಿದುಕೊಂಡವು. ದೇವರ ಜಗಲಿಯ ಮೇಲಿನ ಹಿತ್ತಾಳೆ ದೀಪ, ಗಂಟೆ, ಆರತಿ ತಟ್ಟೆಗಳು ಮಾತ್ರ ಬಂಗಾರದ ಹಾಗೆ ಹೊಳೆಯತೊಡಗಿದವು. ಭಕ್ತಿಯಿಂದ ತಿಕ್ಕಿದಾಗ ಬರದ ಹೊಳಪು ಸಿಟ್ಟಿನಿಂದ ತಿಕ್ಕಿದಾಗ ಬರುತ್ತದೆ. ಬೇಕಾದರೆ ಯಾರ ಮೇಲಾದರೂ ಸಿಟ್ಟು ಮಾಡಿಕೊಂಡು ನೀವೇ ತಿಕ್ಕಿ ನೋಡಿ. ಕೆಲವರ ಸಿಟ್ಟು ಒಗ್ಗರಣೆಯ ಸಾಸಿವೆ ಇದ್ದಂತೆ, ಚಟಪಟ ಸಿಡಿದು ಸುಮ್ಮನಾಗುತ್ತದೆ. ನನ್ನದು ಸಗಣಿ ಕುಳ್ಳಿನ ಒಲೆ. ಹೊತ್ತಿಕೊಳ್ಳುವುದು ತಡ, ಹೊಗೆ ಬಹಳ, ಆರಿತು ಎಂದು ಕೈ ಇಟ್ಟವರ ಬೆರಳು ಸುಡುವುದು ಖಂಡಿತ.

ದಿನಾ ಸಂಜೆ ದೀಪ ಹಚ್ಚುವಾಗ ಅವತ್ತು ದೇವರು ಕೊಟ್ಟದ್ದನ್ನು ನೆನೆಯುವುದು ನನ್ನ ರೂಢಿ. ದೊಡ್ಡದೇನೂ ಅಲ್ಲ. ನಲ್ಲಿಯಲ್ಲಿ ಎರಡು ಕೊಡ ಹೆಚ್ಚು ನೀರು ಬಂತು, ಈ ಶಹಾಪುರದ ಬಿಸಿಲಲ್ಲೂ ಹಾಲು ಒಡೆಯಲಿಲ್ಲ, ಕರೆಂಟ್ ಹೋಯಿತಾದರೂ ಗಿರಣಿಯಲ್ಲಿ ನನ್ನ ಜೋಳ ಬೀಸಿಯಾದ ಮೇಲೆ ಹೋಯಿತು, ಇಂಥವು. ಆ ನಾಲ್ಕು ತಿಂಗಳೂ ರೂಢಿ ತಪ್ಪಿಸಲಿಲ್ಲ. ಆದರೆ ಪ್ರತಿ ಉಪಕಾರದ ಬೆನ್ನಿಗೂ ನನ್ನ ನಾದಿನಿ ಗಂಗಕ್ಕನ ಹೆಸರು ಬಂದು ನಿಲ್ಲುತ್ತಿತ್ತು. "ತಾಯಿ, ಹಾಲು ಒಡೆಯಲಿಲ್ಲ, ನಿನ್ನ ದಯೆ, ಆ ಗಂಗಕ್ಕನ ಮನೆಯ ಹಾಲು..." ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಜೋರಾಗಿ ಗಂಟೆ ಬಾರಿಸುತ್ತಿದ್ದೆ. ನೀಲವ್ವನಿಗೆ ಈಚೆಗೆ ಭಕ್ತಿ ಹೆಚ್ಚಾಗಿದೆ ಎಂದು ಓಣಿಯವರು ಮಾತಾಡಿಕೊಂಡರಂತೆ.

ಇಷ್ಟೆಲ್ಲ ಸಿಟ್ಟು ಒಂದು ಹನಿ ಎಣ್ಣೆಯ ಮೇಲೆ. ನಂಬುವುದಿಲ್ಲ ನೀವು. ಮೊದಲಿನಿಂದ ಹೇಳುತ್ತೇನೆ.

ಗಂಗಕ್ಕ ನಮ್ಮ ಮನೆಯವರ ಅಕ್ಕ. ಸುರಪುರದಲ್ಲಿ ಮನೆ. ಅವಳ ಮಗಳು ಸಾವಿತ್ರಿ ಪಿಯುಸಿ ಓದಲು ಎರಡು ವರ್ಷ ಶಹಾಪುರದಲ್ಲಿ ನಮ್ಮ ಜೊತೆಗಿದ್ದಳು. ನಮಗೆ ಮಕ್ಕಳಿಲ್ಲ. ಇದನ್ನು ನಾನು ಸುತ್ತಿ ಬಳಸಿ ಹೇಳುವವಳಲ್ಲ. ಸುತ್ತಿ ಬಳಸಿ ಹೇಳುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರಿಗೂ ಸ್ವಲ್ಪ ಕೆಲಸ ಇರಲಿ. ಆ ಎರಡು ವರ್ಷ ಸಾವಿತ್ರಿಯ ಜಡೆ ಹೆಣೆದೆ, ಡಬ್ಬಿ ಕಟ್ಟಿದೆ, ಪರೀಕ್ಷೆಯ ದಿನ ಮೊಸರು-ಸಕ್ಕರೆ ತಿನ್ನಿಸಿ ಬಾಗಿಲ ತನಕ ಬಿಟ್ಟು ಬಂದೆ. "ಅತ್ತಿ, ನೀ ನಿಂತು ನೋಡಿದ್ರ ನನಗ ಹೆದರಿಕಿ ಆಗ್ತದ, ಒಳಗ ಹೋಗು" ಎನ್ನುತ್ತಿದ್ದಳು. ನಾನು ಒಳಗೆ ಹೋಗಿ ಕಿಟಕಿಯಿಂದ ನೋಡುತ್ತಿದ್ದೆ. ಮುಂದೆ ಅವಳ ಮದುವೆಯಾಯಿತು, ಗುರುಮಠಕಲ್ ಕಡೆ ಕೊಟ್ಟರು. ಬಾಣಂತನಕ್ಕೆ ಸುರಪುರಕ್ಕೆ ಬಂದಳು, ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲ ಕಾರ್ಯಕ್ಕೆ ನಾನು ಹಸಿರು ಸೀರೆ ಉಟ್ಟು, ಮನೆಯಲ್ಲೇ ಔಡಲ ಬೀಜ ಹುರಿದು ಕುಟ್ಟಿ ಕುದಿಸಿ ತೆಗೆದ ಎಣ್ಣೆಯನ್ನು ಬಾಟಲಿಗೆ ತುಂಬಿಕೊಂಡು ಹೋದೆ. ಕೂಸಿನ ನೆತ್ತಿಗೆ ಅಂಗಡಿಯ ಎಣ್ಣೆ ಹಚ್ಚಬಾರದೆಂದು ನನ್ನ ಹಟ. ಆ ಬಾಟಲಿಯನ್ನು ನೆನಪಿಟ್ಟುಕೊಳ್ಳಿ. ನನ್ನ ಕೈಯಾರೆ ತೆಗೆದ ಎಣ್ಣೆಯೇ ನನ್ನ ಮೇಲೆ ಸಾಕ್ಷಿ ಹೇಳಿತು.

ಸಾವಿತ್ರಿಯ ಸೋದರಮಾವನ ಹೆಂಡತಿ ನಾನು, ಆದ್ದರಿಂದ ತೊಟ್ಟಿಲಲ್ಲಿ ಕೂಸನ್ನು ಮೊದಲು ಇಡುವ ಮಾನ ನನ್ನದು. ಗಂಗಕ್ಕನ ಮನೆಯಲ್ಲಿ ಮಾನ ಮರ್ಯಾದೆ ಎಂದರೆ ತೂಕ ಮಾಡಿ ಕೊಡುತ್ತಾರೆ. ಯಾರಿಗೆ ಮೊದಲ ಕುಂಕುಮ, ಯಾರಿಗೆ ಮೊದಲ ತಾಟು, ಯಾರ ಹೆಸರು ಮೊದಲು ಕೂಗಬೇಕು, ಒಂದೂ ತಪ್ಪುವಂತಿಲ್ಲ. ನಾನು ಇಟ್ಟೆ. ಕೂಸು ನನ್ನ ಬೆರಳು ಹಿಡಿದುಕೊಂಡಿತು. ನಾನು ನೋಡಿದೆ. ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ, ಹಿಂದಿನಿಂದ ಯಾರೋ "ಸಾಕು ಸರೀವಾ, ನಮಗೂ ಜರಾ ಜಾಗಾ ಬಿಡು" ಎಂದರು. ಸರಿದೆ. ಸಂಜೆಯ ಬಸ್ಸಿಗೆ ಶಹಾಪುರಕ್ಕೆ ಬಂದೆ.

ಹತ್ತು ದಿನ ಬಿಟ್ಟು ಸಾವಿತ್ರಿಗೆಂದು ಅಂಟಿನುಂಡಿ ಕಟ್ಟಿಕೊಂಡು ಮತ್ತೆ ಹೋದೆ. ಬಾಣಂತಿಯ ಕೋಣೆಯ ಬಾಗಿಲಲ್ಲಿ ಗಂಗಕ್ಕ ಎರಡೂ ತೋಳು ಚಾಚಿ ನಿಂತಳು. ಅವಳ ಮೈಕಟ್ಟಿಗೆ ಬಾಗಿಲೇ ಬೇಡ, ಅವಳು ನಿಂತರೆ ಅದೇ ಬಾಗಿಲು.

"ಒಳಗ ಹೋಗಬ್ಯಾಡ ನೀಲವ್ವ."

"ಯಾಕಕ್ಕಾ, ಕೂಸು ಮಲಗ್ಯದೇನು?"

"ಎದ್ದದ. ಅದಕ್ಕ ಹೋಗಬ್ಯಾಡ ಅಂದೆ."

ನನಗೆ ತಿಳಿಯಲಿಲ್ಲ. ಡಬ್ಬಿ ಹಿಡಿದುಕೊಂಡು ನಿಂತೆ. ಆಮೇಲೆ ಅವಳೇ ಹೇಳಿದಳು, ದನಿ ತಗ್ಗಿಸಿ ಅಲ್ಲ, ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದ ನಾಲ್ಕು ಜನಕ್ಕೂ ಕೇಳುವ ಹಾಗೆ. "ತೊಟ್ಟಿಲ ಮರುದಿನ ಕೂಸು ಹಾಲು ಕುಡೀಲಿಲ್ಲ, ಒಂದ ಸವನ ಅಳ್ತು. ನೀ ತಂದ ಎಣ್ಣೀನ ಬಿಟ್ಟು ನೋಡಿದೆ. ನಿನ್ನ ಹೆಸರಿಗಿ ಹನಿ ಹರಡ್ತು. ಪೂರಾ ತಟ್ಟಿ ತುಂಬ ಹರಡ್ತು. ನಾ ಏನ ಮಾಡ್ಲಿ? ನೀ ಬೇಕಂತ ಮಾಡೀ ಅಂತ ನಾ ಅನ್ನಂಗಿಲ್ಲ. ಮಕ್ಕಳಿಲ್ದಾಕಿ ಕಣ್ಣು, ತಾನ ಹೋಗಿ ಕೂಡ್ತದ."

ಎಣ್ಣೆ ಬಿಟ್ಟು ನೋಡುವುದು ನಮ್ಮ ಅತ್ತೆಯ ಕಾಲದಿಂದ ಆ ಮನೆಯಲ್ಲಿ ನಡೆದು ಬಂದದ್ದು. ಕೂಸು ಹಟ ಮಾಡಿದರೆ ಕಂಚಿನ ತಟ್ಟೆಯನ್ನು ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿ ನೀರು ತುಂಬುತ್ತಾರೆ. ಹಿರಿಯಳು ಬೆರಳನ್ನು ಎಣ್ಣೆಯಲ್ಲಿ ಅದ್ದಿ, ಕೂಸನ್ನು ನೋಡಿ ಹೋದವರ ಹೆಸರನ್ನು ಒಂದೊಂದಾಗಿ ಹೇಳುತ್ತ ಒಂದೊಂದು ಹನಿ ಬಿಡುತ್ತಾಳೆ. ಹನಿ ಮುತ್ತಿನಂತೆ ದುಂಡಗೆ ನಿಂತರೆ ಅವರ ಕಣ್ಣು ಶುದ್ಧ. ಒಡೆದು ಹರಡಿದರೆ ಅವರದೇ ದೃಷ್ಟಿ. ಅವತ್ತು ಹದಿಮೂರು ಹೆಸರು ಹೇಳಿದರಂತೆ. ಹನ್ನೆರಡು ಹನಿ ಮುತ್ತಾಗಿ ನಿಂತವಂತೆ. ಆ ಹನ್ನೆರಡರಲ್ಲಿ ಎದುರು ಮನೆಯವಳೂ ಒಬ್ಬಳು, ಅವಳ ಕಣ್ಣಿಗೆ ಹಸಿ ಗೋಡೆ ಬಿರುಕು ಬಿಟ್ಟದ್ದನ್ನು ನಾನೇ ನೋಡಿದ್ದೇನೆ. ಅವಳು ಮುತ್ತು. ನಾನು ಕಳ್ಳಿ.

ಅಂಟಿನುಂಡಿಯ ಡಬ್ಬಿಯನ್ನು ಕಟ್ಟೆಯ ಮೇಲೆ ಇಟ್ಟು ಬಂದೆ. ಒಳಗಿನಿಂದ ಸಾವಿತ್ರಿ "ಅತ್ತಿ ಬಂದಾಳೇನವ್ವಾ?" ಎಂದು ಕೇಳಿದ್ದು ಕಿವಿಗೆ ಬಿತ್ತು. ಗಂಗಕ್ಕ ಕೊಟ್ಟ ಉತ್ತರ ಕೇಳಲು ನಾನು ನಿಲ್ಲಲಿಲ್ಲ.

ಇಂಥ ಸುದ್ದಿಗೆ ಬಸ್ಸು ಬೇಕಾಗಿಲ್ಲ. ನಾನು ಶಹಾಪುರ ಮುಟ್ಟುವ ಮೊದಲೇ ಅದು ಬಂದು ನಮ್ಮ ಓಣಿಯಲ್ಲಿ ಚಹಾ ಕುಡಿಯುತ್ತ ಕುಳಿತಿತ್ತು. ಪಕ್ಕದ ಮನೆಯವಳು ಮೊಮ್ಮಗನನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತವಳು ನನ್ನನ್ನು ಕಂಡೊಡನೆ "ಬಿಸಲು ಬಹಳದ ನೋಡವ್ವಾ" ಎಂದು ಒಳಗೆ ಹೋದಳು. ಸೂರ್ಯ ಮುಳುಗಿ ಅರ್ಧ ತಾಸಾಗಿತ್ತು. ಗೋಗಿಯಿಂದ ತಂಗಿ ಫೋನ್ ಮಾಡಿ, "ಹಂಗೇನ ಇಲ್ಲ ಅಂತ ನನಗ ಗೊತ್ತದ, ಆದ್ರೂ ಒಂದು ಐದು ಸೋಮವಾರ ಮಾಡು" ಎಂದಳು. ಹಂಗೇನೂ ಇಲ್ಲದಿದ್ದರೆ ಐದು ಸೋಮವಾರ ಎದಕ್ಕೆ? ಮಾಡಿದೆ. ಐದಲ್ಲ, ಒಂಬತ್ತು ಮಾಡಿದೆ. ಸಿಟ್ಟಿನಲ್ಲೇ ಉಪವಾಸ ಮಾಡಿದೆ. ಸಿಟ್ಟಿನ ಉಪವಾಸದಲ್ಲಿ ಹಸಿವು ತಿಳಿಯುವುದಿಲ್ಲ, ಇದೂ ದೇವರ ಒಂದು ಉಪಕಾರ.

ಎಲ್ಲಕ್ಕಿಂತ ಸಿಟ್ಟು ತರಿಸಿದವರು ನಮ್ಮ ಮನೆಯವರು. ಅವರು ಇಲ್ಲಿನ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್. ಇಪ್ಪತ್ತೆಂಟು ವರ್ಷದಿಂದ ಗಾಜಿನ ಸಾಮಾನು ತೊಳೆಯುತ್ತಿದ್ದಾರೆ. ಓದಿದ್ದು ಹತ್ತನೆಯ ತರಗತಿ. ಆದರೆ ಬಾಗಿಲಲ್ಲಿ ನಿಂತು ಅದೇ ಪಾಠವನ್ನು ಇಪ್ಪತ್ತೆಂಟು ಸಲ ಕೇಳಿದ್ದಾರೆ. ಒಮ್ಮೆ ಸರ್‌ಗೆ ಆರಾಮಿಲ್ಲದಾಗ ಹುಡುಗರಿಗೆ ಪ್ರಯೋಗವನ್ನು ಇವರೇ ಮಾಡಿ ತೋರಿಸಿದ್ದುಂಟು. ಮನೆಯಲ್ಲಿ ಮಾತ್ರ ಬಾಯಿಗೆ ಬಿರಡೆ. ನಾನು ತೊಳೆದಿಟ್ಟ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವುದು, ತುಟಿ ಪಿಟಕ್ಕೆನ್ನದೆ ಮತ್ತೆ ತೊಳೆಯುವುದು ಅವರ ಚಟ. ನಮ್ಮ ಬೋರಿನ ಸವಳು ನೀರಿಗೆ ಸಾಬೂನು ಹಾಕಿದರೆ ನೊರೆಯ ಬದಲು ಒಡೆದ ಮೊಸರಿನಂಥ ಬಿಳಿ ಜಿಡ್ಡು ತೇಲುತ್ತದೆ, ಅದಕ್ಕೆ ನಾನೇನು ಮಾಡಲಿ? ನಮ್ಮ ಮದುವೆಯ ಮೊದಲ ಜಗಳ ತಟ್ಟೆಯ ಮೇಲೆ. ಸುರಪುರದಿಂದ ತಿರುಗಿ ಬಂದ ದಿನ, "ನಿಮ್ಮ ಅಕ್ಕ ನನಗ ಹಿಂಗಂದ್ಲು" ಎಂದು ಅತ್ತುಕೊಂಡು ಹೇಳಿದಾಗ ಇವರು ಏನೆಂದರು ಗೊತ್ತೇ? "ಹೋಗ್ಲಿ ಬಿಡು" ಎಂದರು. ನಾಲ್ಕು ತಿಂಗಳಲ್ಲಿ ಆಡಿದ್ದು ಅದೊಂದೇ ಮಾತು. ಹೋಗಲಿ ಬಿಡಲಿಕ್ಕೆ ಅದೇನು ಬಸ್ಸೇ?

ಒಂದು ಸತ್ಯ ಹೇಳಿಬಿಡುತ್ತೇನೆ, ನಿಮ್ಮ ಹತ್ತಿರ ಮುಚ್ಚಿಡುವುದೇನು. ಸಿಟ್ಟಿನ ತಳದಲ್ಲಿ ನನಗೆ ಹೆದರಿಕೆ ಇತ್ತು. ಕೂಸನ್ನು ನಾನು ಕಣ್ತುಂಬ ನೋಡಿದ್ದು ಸುಳ್ಳಲ್ಲವಲ್ಲ. ದೀಪ ಹಚ್ಚುವಾಗ, "ತಾಯಿ, ಖರೇನ ನನ್ನ ಕಣ್ಣು ಹತ್ತೇತೇನು?" ಎಂದು ಕೇಳುತ್ತಿದ್ದೆ. ತಾಯಿ ಸುಮ್ಮನಿರುತ್ತಿದ್ದಳು. ಓಣಿಯಲ್ಲಿ ಮಕ್ಕಳು ಎದುರು ಬಂದರೆ ನಾನೇ ತಲೆ ತಗ್ಗಿಸಿ ಚಪ್ಪಲಿ ನೋಡಿಕೊಂಡು ನಡೆಯತೊಡಗಿದ್ದೆ. ಈ ಮಾತನ್ನು ಬರೆಯುವಾಗಲೂ ಮೈ ಉರಿಯುತ್ತದೆ. ಗಂಗಕ್ಕ ನನ್ನನ್ನು ಬಾಗಿಲಲ್ಲಿ ತಡೆದದ್ದಕ್ಕಿಂತ, ನನ್ನ ಕಣ್ಣನ್ನು ನಾನೇ ನಂಬದ ಹಾಗೆ ಮಾಡಿದಳಲ್ಲ, ಅದಕ್ಕೆ.

ಐದನೆಯ ತಿಂಗಳಲ್ಲಿ ಸಾವಿತ್ರಿ ಫೋನ್ ಮಾಡಿದಳು. "ಅತ್ತಿ, ಬರೂ ಗುರುವಾರ ಗಂಡನ ಮನಿಗಿ ಹೋಗ್ತೀನಿ. ನೀ ಬರ್ಲಿಲ್ಲಂದ್ರ ನಾ ಮಾತಾಡಂಗಿಲ್ಲ ನೋಡು." ಗುರುಮಠಕಲ್ ದಾಟಿದ ಮೇಲೆ ಅವಳ ಗಂಡನ ಊರು, ಅಲ್ಲಿಗೆ ಹೋಗಲು ನನಗೆ ಯಾವ ನೆಪವಿದೆ? ಈಗ ಕೂಸನ್ನು ಎತ್ತಿಕೊಳ್ಳದಿದ್ದರೆ ಇನ್ನು ಅದು ನಡೆದಾಡುವಾಗಲೇ ನೋಡುವುದು, ಅದೂ ದೂರದಿಂದ. ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತ ಬಡಿಯುತ್ತ ನಾನು ಮತ್ತೆ ಅದೇ ಪುರಾಣ ಶುರು ಮಾಡಿದೆ. "ಹದಿಮೂರು ಮಂದಿ ಹೆಸರು ತಗೊಂಡ್ರಂತ. ಮೊದಲ ನಂದು. ಮಾನದಾಕಿ ಅಂತ ಮೊದಲ ನಂದ ತಗೊಂಡ್ರಂತ. ಎಂಥಾ ಮಾನ ಕೊಟ್ರು ನೋಡ್ರಿ ನಿಮ್ಮವ್ರು!"

ಇವರ ಕೈಯಲ್ಲಿನ ತುತ್ತು ಬಾಯಿಯ ಹತ್ತಿರವೇ ನಿಂತಿತು. "ಮೊದಲ? ನಿಂದು ಮೊದಲನೇ ಹನಿಯೇನು?"

"ಹೂಂ. ಮತ್ತೇನ ಕೊನಿಗಿ ತಗೋತಾರೇನು, ಸೋದರಮಾವನ ಹೆಂಡತಿದು?"

"ತಟ್ಟಿ ನೀರು ನಡುವ ಬದಲ ಮಾಡಿದ್ರೇನು?"

"ಯಾಕ ಮಾಡ್ತಾರ? ಒಂದ ನೀರು."

ತುತ್ತನ್ನು ತಾಟಿನಲ್ಲಿ ಇಟ್ಟು ಎದ್ದರು. ಊಟದ ನಡುವೆ ಅವರು ಎದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಂಚಿನ ತಟ್ಟೆ ತೆಗೆದುಕೊಂಡು ಹೋಗಿ ಬೂದಿಯಲ್ಲಿ ತಿಕ್ಕಿದರು, ಕುದಿಯುವ ನೀರು ಸುರಿದರು, ಮತ್ತೆ ತಿಕ್ಕಿದರು. ನಲ್ಲಿಯ ನೀರಲ್ಲಿ ಏಳೆಂಟು ಸಲ ಜಾಲಿಸಿದರು. ತಂದು ನನ್ನ ಮುಂದೆ ಇಟ್ಟು ನೀರು ತುಂಬಿ, ನನ್ನ ಪೌಡರ್ ಡಬ್ಬಿ ತಂದು ನೀರಿನ ಮೇಲೆ ತೆಳ್ಳಗೆ ಉದುರಿಸಿದರು. ಹಬ್ಬಕ್ಕೆಂದು ಇಟ್ಟ ಪೌಡರ್! ನಾನು ಬಾಯಿ ತೆರೆಯುವ ಮೊದಲೇ ಬೆರಳ ತುದಿಗೆ ಔಡಲೆಣ್ಣೆ ಮುಟ್ಟಿಸಿಕೊಂಡು, ಒಲೆಯ ಬದಿಯಲ್ಲಿದ್ದ ಬುಟ್ಟಿಯನ್ನು ನೋಡಿ ಗಂಭೀರವಾಗಿ ಅಂದರು. "ಬದನಿಕಾಯಿ."

ಹನಿ ಬಿತ್ತು. ಬಿದ್ದದ್ದೇ ತಡ, ಯಾರೋ ಬೈದು ಓಡಿಸಿದ ಹಾಗೆ ಪೌಡರ್ ಅಷ್ಟೂ ತಟ್ಟೆಯ ಅಂಚಿಗೆ ಓಡಿತು. ಎಣ್ಣೆ ಒಡೆದು ಬಣ್ಣ ಬಣ್ಣವಾಗಿ ತಟ್ಟೆ ತುಂಬ ಹರಡಿತು.

"ನೀಲವ್ವ" ಎಂದು ಎರಡನೆಯ ಹನಿ ಬಿಟ್ಟರು. ದುಂಡಗೆ ನಿಂತಿತು. "ಗಂಗಕ್ಕ." ನಿಂತಿತು. "ಉಳ್ಳಾಗಡ್ಡಿ." ಅದೂ ಮುತ್ತು.

ನಾನು ತಟ್ಟೆ ನೋಡಿದೆ, ಬದನೆಕಾಯಿ ನೋಡಿದೆ. ಆಮೇಲೆ ಇಪ್ಪತ್ತೆಂಟು ವರ್ಷದ ಪಾಠವನ್ನು ಇವರು ಒಂದೇ ಉಸಿರಿಗೆ ಹೇಳಿದರು. ನಮ್ಮ ಮನೆಯಲ್ಲಿ ಇಷ್ಟು ಉದ್ದದ ಮಾತು ಇವರ ಬಾಯಿಂದ ಬಂದದ್ದು ಹಿಂದೆಂದೂ ಇಲ್ಲ.

"ಎಣ್ಣ್ಯಾಗ ಫ್ಯಾಟಿ ಆಸಿಡ್ ಅಂತ ಇರ್ತಾವ. ಕಣ್ಣಿಗಿ ಕಾಣಂಗಿಲ್ಲ, ಅಷ್ಟು ಸಣ್ಣವು. ಒಂದೊಂದಕ್ಕ ಒಂದು ತಲಿ, ಒಂದು ಉದ್ದನ ಬಾಲ. ತಲಿಗಿ ನೀರಂದ್ರ ಪ್ರಾಣ. ಬಾಲಕ್ಕ ನೀರಂದ್ರ ಆಗಂಗಿಲ್ಲ. ಅದಕ್ಕ ನೀರಿನ ಮ್ಯಾಲ ತಲಿ ಕೆಳಗ ಊರಿ, ಬಾಲ ಮ್ಯಾಲ ಎತ್ತಿ ನಿಂದರ್ತಾವ. ಒಂದರ ಬಾಜೂಕ ಒಂದು, ಒತ್ತರಿಸಿ, ಒಂದ ಪದರು. ನೀರು ಸ್ವಚ್ಛ ಇದ್ರ ಓಡಿ ಹೋಗಿ ಪೂರಾ ಜಾಗಾ ಹಿಡಿತಾವ. ಒಮ್ಮಿ ಜಾಗಾ ತುಂಬ್ತಂದ್ರ ಮುಗೀತು. ಹಿಂದಿಂದ ಬಂದ ಹನಿಗಿ ಕಾಲಿಡಾಕ ಜಾಗಾ ಎಲ್ಲದ? ಅದು ಪಾಪ ಮುದ್ದಿ ಆಗಿ ಕೂಡ್ತದ. ಮೊದಲ ಯಾರ ಹೆಸರು ತಗೋತೀ, ಅವರು ಸಿಕ್ಕೊಂಡ್ರು."

ನನಗೆ ಶಹಾಪುರ-ಸುರಪುರ ಬಸ್ಸು ಕಣ್ಣಿಗೆ ಕಟ್ಟಿತು. ಖಾಲಿ ಬಸ್ಸಿಗೆ ಮೊದಲು ಹತ್ತಿದವಳು ಮೂರು ಜನರ ಸೀಟಿನಲ್ಲಿ ಚೀಲ, ಕೂಸು, ಟವೆಲು ಎಲ್ಲ ಹರಡಿ ಕೂಡುತ್ತಾಳೆ. ಬಸ್ಸು ತುಂಬಿದ ಮೇಲೆ ಹತ್ತಿದವಳು ಸಭ್ಯಳಂತೆ ಮೈ ಮುದುಡಿಕೊಂಡು ಬಾಗಿಲಲ್ಲಿ ನಿಲ್ಲುತ್ತಾಳೆ. ಆ ಸಭ್ಯತನ ಗುಣವಲ್ಲ, ಜಾಗವಿಲ್ಲ ಅಷ್ಟೆ! ಹನ್ನೆರಡು ಮುತ್ತುಗಳ ಗುಟ್ಟು ಇದು. ನನಗೆ ಕೊಟ್ಟ ಮಾನವೇ ನನ್ನ ಕೊರಳಿಗೆ ಬಿತ್ತು. ಸೋದರಮಾವನ ಹೆಂಡತಿ ಆಗದೆ ಕಸ ಹೊಡೆಯುವವಳಾಗಿ ಹೋಗಿದ್ದರೆ ಹತ್ತನೆಯ ಹನಿಯಾಗಿ ದುಂಡಗೆ ನಿಂತಿರುತ್ತಿದ್ದೆ. ಇನ್ನೊಂದು ವಿಚಾರವೂ ಬಂತು. ಎಣ್ಣೆಯೊಳಗಿನ ಆ ತಲೆ-ಬಾಲದ ಸಣ್ಣ ಜೀವಕ್ಕೂ ನನಗೂ ಏನು ವ್ಯತ್ಯಾಸ? ಆ ಮನೆಯಲ್ಲಿ ನನ್ನ ತಲೆ ಒಳಗೆ, ಉಳಿದದ್ದೆಲ್ಲ ಹೊರಗೆ.

ಅತ್ತುಬಿಟ್ಟೆ. ನನ್ನ ಕಣ್ಣಲ್ಲಿ ಏನೂ ಇಲ್ಲ ಎಂದು ಗೊತ್ತಾದ ಮೇಲೆ ಅದರಲ್ಲಿ ನೀರು ಬಂತು. ಹೆಚ್ಚು ಹೊತ್ತಲ್ಲ, ಸೆರಗಿನಿಂದ ಒರೆಸಿಕೊಳ್ಳುವಷ್ಟರಲ್ಲಿ ಹೊಸ ಸಿಟ್ಟು ಹತ್ತಿತು.

"ನಾಕ ತಿಂಗಳ ನಾ ಸಾಯ್ಲಾಕತ್ತೀನಿ! ಇದೆಲ್ಲ ಗೊತ್ತಿದ್ದೂ ಬಾಯಾಗ ಏನ ಇಟಗೊಂಡ್ ಕೂತಿದ್ರಿ?"

"ನಿಂದು ಮೊದಲನೇ ಹೆಸರು ಅಂತ ನೀ ಹೇಳ್ಲೇ ಇಲ್ಲ" ಎಂದು ಇವರು ಮತ್ತೆ ತುತ್ತು ಎತ್ತಿಕೊಂಡರು.

ಗುರುವಾರ ಇಬ್ಬರೂ ಸುರಪುರಕ್ಕೆ ಹೋದೆವು. ದಾರಿಯುದ್ದಕ್ಕೂ ನಾನು ಮಾತು ಹೊಂದಿಸಿಕೊಂಡೆ. ಎಲ್ಲರ ಎದುರಿಗೆ ತಟ್ಟೆ ಇಡಿಸುವುದು, ಮೊದಲ ಹೆಸರು ಗಂಗಕ್ಕನದೇ ಹೇಳಿಸುವುದು, ಹನಿ ಹರಡಿದ ಮೇಲೆ ಅವಳ ಮುಖ ನೋಡುವುದು. ಆಮೇಲೆ ಇವರು ತಲೆ-ಬಾಲದ ಪಾಠ ಹೇಳುವುದು. ಇವರಿಗೆ ಎರಡು ಸಲ ಒಪ್ಪಿಸಲು ಹೇಳಿದೆ. ಪೌಡರ್ ಡಬ್ಬಿಯನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದೆ.

ಗಂಗಕ್ಕನ ಪಡಸಾಲೆಯಲ್ಲಿ ಆಗಲೇ ಏಳೆಂಟು ಜನ ಹೆಂಗಸರು ಸೇರಿದ್ದರು. ಕಂಬಕ್ಕೆ ಒರಗಿ ಪಕ್ಕದ ಮನೆಯ ಅಂಬಮ್ಮಾಯಿ ಕುಳಿತಿದ್ದಳು. ಅವಳಿಗೆ ಕಣ್ಣು ಮಂಜಾಗಿ ವರ್ಷಗಳೇ ಆದವು, ಆದರೂ ಆ ಓಣಿಯ ಯಾವ ಕಾರ್ಯವೂ ಅವಳ ಮಾತಿಲ್ಲದೆ ಮುಗಿಯುವುದಿಲ್ಲ. ಕೂಸು ಸಾವಿತ್ರಿಯ ಮಡಿಲಲ್ಲಿ ನೆಗಡಿಯಿಂದ ಗೊರಗೊರ ಅನ್ನುತ್ತಿತ್ತು. ನಾನು ಹೊಸ್ತಿಲಲ್ಲೇ ನಿಂತೆ.

"ಅಕ್ಕಾ, ಕೂಸು ಊರು ದಾಟೂಕಿಂತ ಮೊದಲ ಇನ್ನೊಮ್ಮಿ ಎಣ್ಣಿ ಬಿಡು. ನನ್ನ ಎದುರಿಗಿ ಬಿಡು. ಹಿಂದ ಮಾತಾಡಿದ್ದು ಸಾಕು."

"ಹೋಗೂ ಹೊತ್ತಿನ್ಯಾಗ ತಕರಾರು ತೆಗೀಬ್ಯಾಡ ನೀಲವ್ವ."

"ತಕರಾರು ನಾ ತೆಗದಿಲ್ಲ. ನಾಕ ತಿಂಗಳದಿಂದ ನನ್ನ ಇಜ್ಜತ್ ನಿಮ್ಮ ಅಂಗಳದಾಗ ಅಕ್ಕಿ ಜೋಡಿ ಆರಸ್ಲಾಕತ್ತೀರಿ."

ಅಕ್ಕಿ ಆರಿಸಿದವರು ಸೀರೆಯ ನೆರಿಗೆ ಸರಿ ಮಾಡಿಕೊಂಡರು. ಸಾವಿತ್ರಿ, "ಬಿಡವ್ವಾ ಎಣ್ಣಿ. ಇಲ್ಲಾಂದ್ರ ನಾ ಗಾಡಿ ಹತ್ತಂಗಿಲ್ಲ" ಎಂದಳು. ಅದು ನಾನು ಕಟ್ಟಿದ ಡಬ್ಬಿ ತಿಂದ ಹುಡುಗಿ.

ತಟ್ಟೆ ಬಂತು. ಇವರು ಹೋಗಿ ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿ, ಬಚ್ಚಲಿಗೆ ನಡೆದರು. "ಯಾಕೋ ತಮ್ಮಾ, ತಟ್ಟಿ ನೀ ತೊಳಿತೀ? ನಮ್ಮನಿ ಭಾಂಡಿ ಹೊಲಸದಾವೇನು?" ಎಂದು ಗಂಗಕ್ಕ ಕೇಳಿದಳು. "ರೂಢಿ ಅಕ್ಕಾ" ಎಂದರು ಇವರು. ಬಚ್ಚಲಿನಿಂದ ಬೂದಿ ತಿಕ್ಕುವ ಸದ್ದು ಬಹಳ ಹೊತ್ತು ಬಂತು. ತಟ್ಟೆಗೆ ಒಂದು ಚೂರು ಜಿಡ್ಡು ಉಳಿದರೂ ಮೊದಲ ಹನಿ ಹರಡುವುದಿಲ್ಲ, ನಮ್ಮ ಕೆಲಸ ಕೆಡುತ್ತದೆ ಎಂದು ನನಗೆ ಗೊತ್ತಿತ್ತು. ಮದುವೆಯಾದ ಮೇಲೆ ಮೊದಲ ಸಲ, ಇವರು ಇನ್ನೂ ಸ್ವಲ್ಪ ತೊಳೆಯಲಿ ಎಂದು ಬೇಡಿಕೊಂಡೆ.

"ಈ ಸಲ ಮೊದಲ ನಿನ್ನ ಹೆಸರು ತಗೋ ಅಕ್ಕಾ" ಎಂದೆ.

"ನಂದ್ಯಾಕ? ನಾ ಕೂಸಿನ ಅಜ್ಜಿ."

"ಅಜ್ಜಿಗಿ ಕಣ್ಣಿರಂಗಿಲ್ಲೇನು?"

ಯಾರೋ ಕಿಸಕ್ಕೆಂದರು. ಗಂಗಕ್ಕನ ಮುಖ ಕೆಂಪಾಯಿತು. ಆದರೆ ಅವಳು ನನ್ನ ನಾದಿನಿ, ಅಷ್ಟು ಸುಲಭಕ್ಕೆ ಬಲೆಗೆ ಬೀಳುವವಳಲ್ಲ. ಬೆರಳನ್ನು ಎಣ್ಣೆಯಲ್ಲಿ ಅದ್ದಿ, ಕಣ್ಣು ಮುಚ್ಚಿ, "ಯಾವ ಕೆಲಸಕ್ಕಾದ್ರೂ ಮೊದಲ ದೇವ್ರ ಹೆಸರು. ಮನಿದೇವ್ರು ಎಲ್ಲಮ್ಮಾ, ತಾಯೀ" ಎಂದು ಹನಿ ಬಿಟ್ಟುಬಿಟ್ಟಳು.

ಹನಿ ಫಳ್ಳನೆ ಒಡೆದು ತಟ್ಟೆಯ ಅಂಚು ಮುಟ್ಟಿತು.

ಹೆಂಗಸರೆಲ್ಲ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಗಂಗಕ್ಕನನ್ನು ಕೆಡವಲು ತೋಡಿದ ಕುಣಿಯಲ್ಲಿ ತಾಯಿ ಎಲ್ಲಮ್ಮ ಬಂದು ಬಿದ್ದಿದ್ದಳು! ಒಂಬತ್ತು ಸೋಮವಾರ ಮಾಡಿದವಳು ನಾನು. ನನ್ನಿಂದಾಗಿ ದೇವರ ಮೇಲೆ ದೃಷ್ಟಿಯ ಆರೋಪ. ಗಲ್ಲ ಗಲ್ಲ ಬಡಿದುಕೊಂಡೆ. ಗಂಗಕ್ಕ ಎಣ್ಣೆಯ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ಏನಾತವ್ವಾ? ಹರಡ್ತೇನು?" ಎಂದು ಕಣ್ಣು ಕಾಣದ ಅಂಬಮ್ಮಾಯಿ ಕೇಳಿದಳು.

"ಹರಡ್ತು ಆಯಿ" ಎಂದು ಯಾರೋ ಪಿಸುಗುಟ್ಟಿದರು.

"ಯಾರ ಹೆಸರಿಗಿ? ಎಲ್ಲಮ್ಮಗಾ? ಮತ್ತ ಹೆಣದಂಗ ಯಾಕ ಕೂತೀರಿ? ತಾಯಿ ಕಣ್ಣು ಬಿಟ್ಟು ನೋಡ್ಯಾಳ ಕೂಸಿಗಿ! ಹುಚ್ಚ ರಂಡ್ಯಾರಾ, ಆಕಿ ನೋಡ್ಲಿ ಅಂತ ಮಂದಿ ಗುಡ್ಡ ಹತ್ತಿ ಹೋಗ್ತಾರ. ಕಾಯಿ ಒಡೀರಿ!"

ಪಡಸಾಲೆಗೆ ಮತ್ತೆ ಜೀವ ಬಂತು. ಕಾಯಿ ಒಡೆಯಿತು, ಕುಂಕುಮ ಬಂತು. ಆ ಗದ್ದಲದಲ್ಲೇ ಗಂಗಕ್ಕ ಮತ್ತೆ ಬೆರಳು ಅದ್ದಿ, ನನ್ನನ್ನು ನೋಡದೆ, "ನೀಲವ್ವ" ಎಂದಳು. ಎರಡನೆಯ ಹನಿ. ನೀರಿನ ಮೇಲೆ ಮುತ್ತಾಗಿ, ದುಂಡಗೆ, ಅಚ್ಚುಕಟ್ಟಾಗಿ ನಿಂತಿತು. ಇಷ್ಟು ಚೆಂದದ ಹನಿಯನ್ನು ನಾನು ಜನ್ಮದಲ್ಲಿ ನೋಡಿಲ್ಲ.

"ನಿಂತದ" ಎಂದಳು ಸಾವಿತ್ರಿ. "ನಿಂತದ ನಿಂತದ" ಎಂದರು ಅಕ್ಕಿಯವರು. "ಅವಾಗ ಆಕಿ ಕಣ್ಣಿದ್ರೂ ಈಗ ತಾಯಿ ತೆಗದಾಳ" ಎಂದಳು ಗಂಗಕ್ಕ. ಆ 'ಇದ್ರೂ' ಎಂಬ ಮಾತಿಗೆ ನನ್ನ ರಕ್ತ ಕುದಿಯಿತು.

ಅಷ್ಟರಲ್ಲಿ ನಮ್ಮ ಮನೆಯವರು ಗಂಟಲು ಸರಿ ಮಾಡಿಕೊಂಡರು. ಬಸ್ಸಿನಲ್ಲಿ ಎರಡು ಸಲ ಒಪ್ಪಿಸಿದ ಪಾಠ ತುಟಿಗೆ ಬಂದಿತ್ತು. "ಅದು ಹಂಗಲ್ಲಕ್ಕಾ, ಎಣ್ಣ್ಯಾಗ ಏನಿರ್ತದಂದ್ರ, ಒಂದು ತಲಿ..." ಎಂದರು.

ನಾನು ಅವರ ಕಾಲು ತುಳಿದೆ. ಮೆಲ್ಲಗಲ್ಲ, ಹಿಮ್ಮಡಿಯಿಂದ ತುಳಿದೆ. ಏಕೆಂದರೆ ಅದೇ ಗಳಿಗೆಗೆ ಸಾವಿತ್ರಿ ಎದ್ದು ಬಂದು ಕೂಸನ್ನು ನನ್ನ ತೋಳಿಗೆ ಹಾಕಿದ್ದಳು. ಹಾಲಿನ ವಾಸನೆ, ಔಡಲೆಣ್ಣೆಯ ವಾಸನೆ, ಬಿಸಿ ಬಿಸಿ ಮೈ. ಮೂಗು ಸೋರುತ್ತಿತ್ತು. ಅದು ನನ್ನನ್ನು ನೋಡಿತು. ನಾನು ಅದನ್ನು ಕಣ್ತುಂಬ ನೋಡಿದೆ, ಯಾರೂ ಸರಿದು ನಿಲ್ಲು ಎನ್ನಲಿಲ್ಲ. ನನ್ನ ಹಸಿರು ಸೀರೆಯ ಮೇಲೆ ಉಚ್ಚೆ ಹೊಯ್ದಿತು. ಅವತ್ತು ಸಂಜೆ ದೀಪದ ಮುಂದೆ ನೆನೆದ ಉಪಕಾರಗಳಲ್ಲಿ ಅದೇ ಮೊದಲನೆಯದು.

ಬಸ್ಸಿನಲ್ಲಿ ಬರುವಾಗ ಇವರು ಕಾಲಿನ ಬೆರಳು ನೀವಿಕೊಳ್ಳುತ್ತ ಕಿಟಕಿಯ ಕಡೆ ನೋಡಿಕೊಂಡು ಹೇಳಿದರು. "ನಿಂದು ಎರಡನೇ ಹನಿ ಇತ್ತು. ನಿಲ್ಲೂದ ಅದು."

"ಗೊತ್ತದ. ಸುಮ್ ಕೂಡ್ರಿ."

ಹರಡಿದ ಹನಿ ಸುಳ್ಳು ಎಂದು ಜಗಳಕ್ಕೆ ಹೋದವಳು ನಿಂತ ಹನಿಗೆ ಕೈ ಮುಗಿದು ಬಂದೆ. ನ್ಯಾಯವಾಗಿ ಎರಡೂ ಸುಳ್ಳೇ. ಇನ್ನು ಮುಂದೆ ಆ ಮನೆಯಲ್ಲಿ ಯಾವ ಕೂಸು ಅತ್ತರೂ ಮೊದಲ ಹನಿ ದೇವರ ಹೆಸರಿಗೇ ಬೀಳುತ್ತದೆ, ಯಾವ ಹೆಂಗಸಿನ ಮೇಲೂ ಬೀಳುವುದಿಲ್ಲ; ತಾಯಿಗೆ ಹೊರುವ ಶಕ್ತಿ ಇದೆ ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನ ಆಯಿತೇ ಎಂದರೆ, ಪೂರಾ ಆಗಲಿಲ್ಲ. ಗಂಗಕ್ಕನ ಆ 'ಇದ್ರೂ' ಕುಳ್ಳಿನ ಬೆಂಕಿಯ ಹಾಗೆ ಒಳಗೇ ಇತ್ತು.

ಮರುದಿನ ಇವರು ಕಾಲೇಜಿಗೆ ಹೋದ ಮೇಲೆ ಕಂಚಿನ ತಟ್ಟೆ ತೆಗೆದೆ. ಬೂದಿ ಹಾಕಿ ತಿಕ್ಕಿದೆ, ಕುದಿಯುವ ನೀರು ಸುರಿದೆ, ಎಂಟು ಸಲ ಜಾಲಿಸಿದೆ, ಬೆಳಕಿಗೆ ಹಿಡಿದು ನೋಡಿದೆ. ನೀರು ತುಂಬಿದೆ. ಯಾರ ಹೆಸರು ಹೇಳಿದರೂ ಮೊದಲ ಹನಿ ಹರಡುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ತಲೆ, ಬಾಲ, ಒಂದೇ ಪದರು, ಎಲ್ಲ ಬಾಯಿಪಾಠ. ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಬೆರಳಿಗೆ ಎಣ್ಣೆ ಮುಟ್ಟಿಸಿಕೊಂಡು, "ಗಂಗಕ್ಕ" ಎಂದೆ.

ತಟ್ಟೆ ತುಂಬ ಹರಡಿತು ನೋಡಿ! ಎಷ್ಟು ಹಗುರವಾಯಿತು ಮನಸ್ಸು! ನೀರು ಚೆಲ್ಲಿ, ಮತ್ತೆ ತೊಳೆದು, ಇನ್ನೊಮ್ಮೆ ನೋಡಿದೆ.